ಆರಿದ ಕುಲುಮೆ ಹುಡುಕಿ: ಹಳೆ ಕಮ್ಮಾರಿಕೆ ಸಾಮಾನಿನ ಬಗ್ಗೆ ಓದುಗರ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ನಮ್ಮಜ್ಜ ಕುಲುಮೆ ಕೆಲಸ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಸಾಮಾನೆಲ್ಲ ಗುಜರಿಗೆ ಹೋಯಿತು. ನಾನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ತೋಟದ ಕತ್ತಿ, ಮಚ್ಚು, ಸಣ್ಣಪುಟ್ಟ ಗೇಟಿನ ಕೆಲಸ ಕಲಿತು ಶುರು ಮಾಡುವ ಆಸೆ ಇದೆ. ಕೈಯಲ್ಲಿ 40,000 ರೂಪಾಯಿ ಇದೆ. ಹೊಸ ಅಡಿಗಲ್ಲಿನ (ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿ, ಆನ್ವಿಲ್) ಬೆಲೆ ಕೇಳಿಯೇ ಗಾಬರಿಯಾಯಿತು. ಹಳೆಯದು ಎಲ್ಲಿ ಹುಡುಕಲಿ ಸರ್? ಏನು ನೋಡಿ ಕೊಳ್ಳಲಿ?
(ಓದುಗರು, ಸಾಗರ)

ಉತ್ತರ: ಅಜ್ಜನ ಸಾಮಾನು ಗುಜರಿಗೆ ಹೋದದ್ದು ಓದಿ ಸಂಕಟವಾಯಿತು. ನಾನೂ ಕಮ್ಮಾರರ ಮನೆಯವನೇ. ರಾಣೆಬೆನ್ನೂರು ಕಡೆಯ ಹಳ್ಳಿ ನಮ್ಮದು. ಐಟಿಐ ಮುಗಿಸಿ ಫೋರ್ಜಿಂಗ್ ಶಾಪಿನಲ್ಲಿ ದುಡಿದು, ಈಗ ಹರಿಹರದಲ್ಲಿ ಸ್ವಂತ ಶೆಡ್ ಹಾಕಿಕೊಂಡಿದ್ದೇನೆ. ನಮ್ಮ ಕಡೆ ಟ್ರ್ಯಾಕ್ಟರ್ ಬಂತು, ಮರದ ನೇಗಿಲು ಹೋಯಿತು. ಟೈರ್ ಗಾಡಿ ಬಂತು, ಗಾಲಿಗೆ ಕಬ್ಬಿಣದ ಪಟ್ಟಿ ಕೂರಿಸುವ ಕೆಲಸ ನಿಂತಿತು. ಕುಡುಗೋಲು ಕಾರ್ಖಾನೆಯಿಂದಲೇ ಬರತೊಡಗಿತು. ಒಂದೊಂದೇ ಕುಲುಮೆ ಆರುತ್ತಾ ಹೋಯಿತು. ಆದರೆ ಅಡಿಗಲ್ಲು ಎಲ್ಲಿಗೆ ಹೋಗುತ್ತದೆ? ಒಂದು ತಲೆಮಾರಿನಲ್ಲಿ ಸವೆದು ಮುಗಿಯುವ ವಸ್ತು ಅಲ್ಲ ಅದು. ಹಿತ್ತಲಲ್ಲೋ, ಕೊಟ್ಟಿಗೆಯ ಮೂಲೆಯಲ್ಲೋ, ಬಾಗಿಲಿಗೆ ಒತ್ತಾಗಿಯೋ ಬಿದ್ದಿರುತ್ತದೆ.

ಹಾಗಾಗಿ ಮೊದಲು ಅಂಗಡಿ ಹುಡುಕಬೇಡಿ. ಆರಿದ ಕುಲುಮೆ ಹುಡುಕಿ. ಸಂತೆಗೆ ಹೋಗಿ, ವಯಸ್ಸಾದ ರೈತರ ಹತ್ತಿರ ಮಾತಾಡಿ. "ಮೊದಲು ನಿಮ್ಮೂರಲ್ಲಿ ಕುಡುಗೋಲಿಗೆ ಹಲ್ಲು ಯಾರು ಹಾಕಿಕೊಡ್ತಿದ್ರು?" ಅಂತ ಕೇಳಿ. ತಟ್ಟನೆ ಹೆಸರು, ಓಣಿ, ಮನೆ ಗುರುತು ಎಲ್ಲ ಹೇಳುತ್ತಾರೆ. ನಮ್ಮ ಕಡೆ ಕಮ್ಮಾರರು ಅಮಾವಾಸ್ಯೆ ದಿನ ಬೆಂಕಿ ಹಚ್ಚುವುದಿಲ್ಲ, ಮನೆಯಲ್ಲೇ ಇರುತ್ತಾರೆ. ಮಾತಾಡಲು ಅದೇ ಒಳ್ಳೆ ದಿನ. ಮಂಗಳವಾರ, ಶುಕ್ರವಾರ ಮಾತ್ರ ಸಾಮಾನು ಕೊಡಿ ಅಂತ ಕೇಳಬೇಡಿ. ಲಕ್ಷ್ಮಿ ಹೊರಗೆ ಹೋದ ಹಾಗೆ ಅಂದುಕೊಳ್ಳುವ ಮನೆಗಳಿವೆ. ಆಯುಧಪೂಜೆಗೆ ಕುಂಕುಮ ಹಚ್ಚಿದ ಅಡಿಗಲ್ಲು ಅದು. ಸುಮ್ನೆ ಹೋಗಿ ರೇಟು ಕೇಳಿದರೆ ಯಾರಿಗಾದರೂ ಬೇಜಾರಾಗುತ್ತದೆ.

ಬೆಲೆಯ ವಿಷಯ. ಗುಜರಿಯವರು ಕಬ್ಬಿಣವನ್ನು ಕೆಜಿಗೆ 30 ರೂಪಾಯಿ ಆಸುಪಾಸಿನಲ್ಲಿ ಕೊಳ್ಳುತ್ತಾರೆ. ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಅದು ಬದಲಾಗುತ್ತದೆ. ಹೊರಡುವ ಮುಂಚೆ ನಿಮ್ಮೂರಿನ ಅವತ್ತಿನ ರೇಟು ತಿಳಿದುಕೊಂಡಿರಿ. ಕಮ್ಮಾರರ ಮನೆಯಲ್ಲಿ ಕೊಳ್ಳುವುದಾದರೆ ಅದರ ಎರಡರಷ್ಟಾದರೂ ಕೊಡಿ. ಆಗಲೂ ಹೊಸದರ ಬೆಲೆಗೆ ಹೋಲಿಸಿದರೆ ನಿಮಗೆ ಲಾಭವೇ. ಗುಜರಿ ರೇಟಿಗೆ ಚೌಕಾಸಿ ಮಾಡಿ ಅವರ ಕೈಯಿಂದ ಅಡಿಗಲ್ಲು ಕಿತ್ತುಕೊಂಡು ಬರಬೇಡಿ, ದಯವಿಟ್ಟು. ಇನ್ನೊಂದು ಮಾತು. ದುಡ್ಡು ಕೊಟ್ಟ ತಕ್ಷಣ ಗಾಡಿಗೆ ಹೇರಬೇಡಿ. ಅರ್ಧ ದಿನ ಅಲ್ಲೇ ಕೂತು, ಯಾವ ಇಕ್ಕಳ ಯಾವುದಕ್ಕೆ, ಯಾವ ಸುತ್ತಿಗೆಯನ್ನು ಹೇಗೆ ಹಿಡಿಯುತ್ತಿದ್ದರು ಅಂತ ಕೇಳಿ. ಹದ ಹಾಕುವಾಗ, ಅಂದರೆ ಉಕ್ಕನ್ನು ಕಾಯಿಸಿ ಅದ್ದಿ ಗಟ್ಟಿ ಮಾಡುವಾಗ, ಯಾವ ಬಣ್ಣಕ್ಕೆ ನೀರಿಗೆ ಅದ್ದುತ್ತಿದ್ದರು ಅಂತಲೂ ಕೇಳಿ. ಆ ಮಾತು ಯಾವ ಗುಜರಿಯಲ್ಲೂ ಸಿಗುವುದಿಲ್ಲ.

ಹಳ್ಳಿಯ ಅಡಿಗಲ್ಲು ಕಂಡು ನಿರಾಸೆ ಆಗಬೇಡಿ. ನಮ್ಮ ಕಮ್ಮಾರರು ನೆಲದಲ್ಲಿ ಕೂತು ಬಡಿಯುವವರು. ಅವರ ಅಡಿಗಲ್ಲು ಚಿಕ್ಕದು, ಚೌಕ ಗಟ್ಟಿ, ಪಕ್ಕಕ್ಕೆ ಚಾಚಿದ ಚೂಪು ಕೊಂಬು ಇರುವುದಿಲ್ಲ. ಮರದ ಕೊರಡಿನಲ್ಲಿ ಅರ್ಧ ಹುಗಿದಿರುತ್ತದೆ. ಕತ್ತಿ, ಮಚ್ಚಿಗೆ ಅದೇ ಸಾಕು. ನಿಂತು ಬಡಿಯುತ್ತೀರಾದರೆ ಹುಣಸೆ ಮರದ ಎತ್ತರದ ಕೊರಡಿನ ಮೇಲೆ ಕೂರಿಸಿ. ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದಾಗ ಬೆರಳ ಗಿಣ್ಣು ಎಲ್ಲಿಗೆ ಬರುತ್ತದೋ ಅಲ್ಲಿಗೆ ಅಡಿಗಲ್ಲಿನ ಮುಖ ಬರಬೇಕು. ಗೇಟಿನ ಬಳ್ಳಿ, ಸುರುಳಿ ಬಗ್ಗಿಸಲು ಮಾತ್ರ ಕೊಂಬು ಬೇಕಾಗುತ್ತದೆ. ಅದಕ್ಕೂ ಸದ್ಯಕ್ಕೆ ಒಂದು ದಪ್ಪ ಪೈಪಿನ ತುಂಡು ನಡೆಯುತ್ತದೆ.

ಎರಡನೆಯ ಜಾಗ ಗುಜರಿ. ನಮ್ಮಲ್ಲಿ ಹಳೆ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಉದ್ದಕ್ಕೂ ಇವೆ. ನಿಮಗೆ ಶಿವಮೊಗ್ಗ ಹತ್ತಿರ. ಬೆಂಗಳೂರಿಗೆ ಹೋದರೆ ಶಿವಾಜಿನಗರದ ಗುಜರಿ ಸಾಲು ನೋಡಿ, ಭಾನುವಾರವಾದರೆ ಕೆ.ಆರ್. ಮಾರ್ಕೆಟ್ ಹತ್ತಿರದ ಸಂಡೇ ಬಜಾರ್ ನೋಡಿ. ಸುತ್ತಿಗೆ ತಲೆ, ಅರ, ಸ್ಪಾನರು ರಾಶಿ ಬಿದ್ದಿರುತ್ತವೆ. ದೊಡ್ಡ ಮಾಲಿಗೆ ಪೀಣ್ಯ, ಇಲ್ಲವೇ ಬೆಳಗಾವಿಯ ಉದ್ಯಮಬಾಗ್. ಬೆಳಗಾವಿಯಲ್ಲಿ ಫೌಂಡ್ರಿಗಳು ಜಾಸ್ತಿ, ಹಾಗಾಗಿ ವರ್ಕ್‌ಶಾಪ್ ಸಾಮಾನು ಕೈ ಬದಲಾಗುವುದೂ ಜಾಸ್ತಿ. ಆಯುಧಪೂಜೆಗೆ ಮುಂಚಿನ ವಾರಗಳಲ್ಲಿ ಒಂದು ಸುತ್ತು ಹಾಕಿ. ಶೆಡ್ ಗುಡಿಸಿ ಬಣ್ಣ ಬಳಿಯುವ ಹೊತ್ತು ಅದು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಸಾಮಾನು ಆಗ ಹೊರಗೆ ಬರುತ್ತದೆ.

ಸರ್ಕಾರಿ ಸಂಸ್ಥೆಗಳ ಹಳೆ ಮಾಲು ಕೇಂದ್ರ ಸರ್ಕಾರದ ಕಂಪನಿಯಾದ ಎಂಎಸ್‌ಟಿಸಿಯ ಆನ್‌ಲೈನ್ ಹರಾಜಿಗೆ ಬರುತ್ತದೆ ಅಂತ ಯಾರಾದರೂ ಹೇಳಿರಬಹುದು. ನಿಜ. ಆದರೆ ಅಲ್ಲಿ ಟನ್ ಲೆಕ್ಕದ ಲಾಟು, ನೋಂದಣಿ, ಮುಂಗಡ ಠೇವಣಿ, ಜಿಎಸ್‌ಟಿ ಎಲ್ಲ ಇರುತ್ತದೆ. ಒಂದು ಅಡಿಗಲ್ಲು ಬೇಕಾದವರಿಗೆ ಅದು ಆಗುವ ಮಾತಲ್ಲ. ಅಲ್ಲಿ ಲಾಟು ಹಿಡಿಯುವ ವ್ಯಾಪಾರಿಯ ಪರಿಚಯ ಮಾಡಿಕೊಳ್ಳಿ. "ಲೆಗ್ ವೈಸ್, ಅಡಿಗಲ್ಲು ಬಂದರೆ ಕಟ್ ಮಾಡೋಕೆ ಮುಂಚೆ ಒಂದು ಫೋನ್ ಮಾಡಿ" ಅಂತ ಹೇಳಿಡಿ. ವೈಸ್ ಅಂದರೆ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಡುವ ಸಾಧನ, ಅದರ ಮಾತು ಮುಂದೆ ಬರುತ್ತದೆ. ನನ್ನ ಶೆಡ್ಡಿನ ಒಳ್ಳೆ ಸಾಮಾನೆಲ್ಲ ಅಂಥ ಫೋನುಗಳಿಂದಲೇ ಬಂದದ್ದು.

ಈಗ ಪರೀಕ್ಷೆಯ ಮಾತು, ಇದನ್ನು ಗಮನ ಇಟ್ಟು ಓದಿ. ಅಡಿಗಲ್ಲನ್ನು ಹೊಳಪು ನೋಡಿ ಕೊಳ್ಳುವಂತಿಲ್ಲ. ಹಳೆ ಬೇರಿಂಗ್ ಅಂಗಡಿಯಲ್ಲಿ ಗೋಲಿ ಗಾತ್ರದ ಒಂದು ಉಕ್ಕಿನ ಗುಂಡು ತೆಗೆದುಕೊಳ್ಳಿ. ಒಂದು ಅಡಿಪಟ್ಟಿ ಇಟ್ಟುಕೊಳ್ಳಿ. ಪಟ್ಟಿಯನ್ನು ಅಡಿಗಲ್ಲಿನ ಮೇಲೆ ನೆಟ್ಟಗೆ ಹಿಡಿದು 10 ಇಂಚಿನಿಂದ ಗುಂಡು ಬಿಡಿ. 7, 8 ಇಂಚಿನವರೆಗೆ ಪುಟಿದರೆ ಒಳ್ಳೆ ಮಾಲು. 3, 4 ಇಂಚಿಗೇ ನಿಂತರೆ ಅದು ಮೆದು ಕಬ್ಬಿಣ, ಇಲ್ಲವೇ ಬೀಡು (ಎರಕದ ಕಬ್ಬಿಣ). ನಿಮ್ಮ ಪೆಟ್ಟಿನ ಬಲವನ್ನೆಲ್ಲ ಅದೇ ನುಂಗುತ್ತದೆ, ಸಂಜೆಗೆ ತೋಳು ಬಿದ್ದುಹೋಗುತ್ತದೆ.

ಒಂದೇ ಕಡೆ ಬಿಟ್ಟು ನೋಡಿದರೆ ಸಾಲದು. ರಾಣೆಬೆನ್ನೂರಿನ ಗುಜರಿಯೊಂದರಲ್ಲಿ ಕೊಂಬಿನ ಅಡಿಗಲ್ಲು ಸಿಕ್ಕಿತ್ತು. ಟಾರ್ಪಾಲ್ ಹಾರದ ಹಾಗೆ ಮೇಲೆ ಹೇರಿಟ್ಟಿದ್ದರು. ಒರೆಸಿ ಗುಂಡು ಬಿಟ್ಟೆ. ನಡುವೆ ಚೆನ್ನಾಗಿ ಪುಟಿಯಿತು, ಕೊಂಬಿನ ಕಡೆಯೂ ಪುಟಿಯಿತು. ಎರಡೆರಡು ಬೆರಳು ಜಾಗ ಬಿಟ್ಟು ಗುಂಡು ಬಿಡುತ್ತಾ ಹಿಂಬದಿಯ ಎಡ ಮೂಲೆಗೆ ಬಂದಾಗ ಟಪ್ ಅಂತ ಅಲ್ಲೇ ಕೂತುಬಿಟ್ಟಿತು. ಪಕ್ಕಕ್ಕೆ ಬಗ್ಗಿ ನೋಡಿದರೆ ಮೇಲಿನ ಉಕ್ಕಿನ ಹಲಗೆಗೂ ಕೆಳಗಿನ ಮೈಗೂ ನಡುವೆ ಕೂದಲೆಳೆಯಂಥ ಗೆರೆ. ಸ್ವಲ್ಪ ಸೀಮೆಎಣ್ಣೆ ಹಚ್ಚಿ ಒರೆಸಿದೆ. ಗೆರೆಯಿಂದ ಮತ್ತೆ ಎಣ್ಣೆ ಜಿನುಗಿತು. ಹಲಗೆ ಬಿಟ್ಟುಕೊಂಡಿತ್ತು. ಅಂಗಡಿಯವರಿಗೆ ಅದನ್ನೇ ತೋರಿಸಿ, ಬರೀ ತೂಕದ ರೇಟಿಗೆ ತಂದೆ. ಆ ಮೂಲೆ ಬಿಟ್ಟು ಮಿಕ್ಕ ಜಾಗದಲ್ಲಿ ಈಗಲೂ ಹುಡುಗರು ಬಡಿಯುತ್ತಾರೆ. ದೋಷ ಇರುವ ಮಾಲು ಕೊಳ್ಳಲೇಬಾರದು ಅಂತಿಲ್ಲ. ದೋಷ ಗೊತ್ತಿದ್ದು, ಅದಕ್ಕೆ ತಕ್ಕ ಬೆಲೆಗೆ ಕೊಳ್ಳಬೇಕು.

ಅರದಿಂದಲೂ ಒಮ್ಮೆ ನೋಡಿ. ಮುಖದ ಅಂಚಿಗೆ ಅರ ಉಜ್ಜಿದಾಗ ಜಾರಿದರೆ ಹದ ಇದೆ. ಬೆಣ್ಣೆಯ ಹಾಗೆ ಕಚ್ಚಿದರೆ ಹದ ಇಳಿದಿದೆ. ಬೆಂಕಿ ಬಿದ್ದ ಮನೆ, ಶೆಡ್ಡಿನಿಂದ ಬಂದ ಅಡಿಗಲ್ಲು ಹೀಗಾಗಿರುತ್ತದೆ. ಅಂಚು ಚೂರು ಹಾರಿದ್ದರೆ ಪರವಾಗಿಲ್ಲ. ಹೊಸದಾಗಿ ಬಣ್ಣ ಹೊಡೆದದ್ದನ್ನು ಮಾತ್ರ ಎರಡು ಸಲ ನೋಡಿ, ಬಣ್ಣದ ಕೆಳಗೆ ವೆಲ್ಡಿಂಗ್ ಇರಬಹುದು.

ಸುತ್ತಿಗೆಯನ್ನು ಕಾವು (ಮರದ ಹಿಡಿ) ಇಲ್ಲದ್ದೇ ಕೊಳ್ಳಿ. ಕಾವು ಮುರಿದ ತಲೆಗಳು ತೂಕದ ಲೆಕ್ಕಕ್ಕೇ ಸಿಗುತ್ತವೆ. ಅಂಚು ಅಣಬೆಯಂತೆ ಮಡಚಿಕೊಂಡಿದ್ದರೆ ಗ್ರೈಂಡರಿನಲ್ಲಿ ತೆಗೆದುಬಿಡಿ. ಹಾಗೇ ಬಿಟ್ಟರೆ ಬಡಿಯುವಾಗ ಚೂರು ಹಾರಿ ಕಣ್ಣಿಗೆ ಬೀಳುತ್ತದೆ. ಕಾವು ತೂರಿಸುವ ತೂತಿನ ಹತ್ತಿರ ಬಿರುಕಿದ್ದರೆ ಬೇಡ. ನಿಮ್ಮ ಕಡೆ ದಿಂಡಿಗದ ಮರ ಸಿಗುತ್ತದೆ, ಕಾವಿಗೆ ಒಳ್ಳೇದು. ಇಕ್ಕಳದ ಬಾಯಿ ಸರಿ ಇಲ್ಲ ಅಂತ ಬಿಟ್ಟುಬರಬೇಡಿ. ಕಾಯಿಸಿ ಬಡಿದರೆ ಬೇಕಾದ ಬಾಯಿ ಬರುತ್ತದೆ. ರಿವೆಟಿನ ಸುತ್ತ ಮಾತ್ರ ಬಿರುಕು ಇರಬಾರದು.

ವೈಸ್ ಕೊಳ್ಳುವುದಾದರೆ ಲೆಗ್ ವೈಸ್ ಸಿಗುವವರೆಗೆ ಕಾಯಿರಿ. ಒಂದು ಕಾಲು ನೆಲದ ತನಕ ಇಳಿದಿರುತ್ತದೆ, ಪೆಟ್ಟು ನೆಲಕ್ಕೆ ಹೋಗುತ್ತದೆ. ಸಾಮಾನ್ಯ ಬೆಂಚ್ ವೈಸ್ ಬೀಡಿನದು. ಅದರಲ್ಲಿ ಕಬ್ಬಿಣ ಹಿಡಿದು ಜೋರಾಗಿ ಬಡಿದರೆ ಸೀಳುತ್ತದೆ. ಲೆಗ್ ವೈಸಿನ ಸ್ಕ್ರೂ ಪೂರ್ತಿ ಹೊರಗೆ ತೆಗೆಸಿ ನೋಡಿ. ಥ್ರೆಡ್ಡು ಚಾಕುವಿನ ಅಂಚಿನ ಹಾಗೆ ಚೂಪಾಗಿದ್ದರೆ ಅದರ ಆಯಸ್ಸು ಮುಗಿದಿದೆ.

ಕುಲುಮೆಗೆ ಗಾಳಿ ಊದುವ ಬ್ಲೋವರ್ ಹೊಸದೇ ತನ್ನಿ. ಸಣ್ಣ ಕರೆಂಟ್ ಬ್ಲೋವರ್ ದುಬಾರಿಯಲ್ಲ. ಹಳೆಯದರ ಬೇರಿಂಗ್, ವೈಂಡಿಂಗ್ ರಿಪೇರಿಗೆ ಅಷ್ಟೇ ದುಡ್ಡು ಹೋಗುತ್ತದೆ. ಕೈಯಿಂದ ತಿರುಗಿಸುವ ಹಳೆ ಬೀಡಿನ ಬ್ಲೋವರ್ ಸಿಕ್ಕರೆ ಮಾತು ಬೇರೆ. ಗೇರಿನ ಹಲ್ಲು ಸರಿ ಇದ್ದರೆ ಕಣ್ಣು ಮುಚ್ಚಿ ತನ್ನಿ, ಮಲೆನಾಡಿನ ಕರೆಂಟಿಗೆ ಅದೇ ಸರಿ. ಕುಲುಮೆಯನ್ನು ಮಣ್ಣು, ಇಟ್ಟಿಗೆ, ಲಾರಿಯ ಹಳೆ ಬ್ರೇಕ್ ಡ್ರಮ್ಮಿನಿಂದ ನೀವೇ ಕಟ್ಟಿ.

ಕೆಲಸದ ಉಕ್ಕಿಗೆ ಹೊಸ ಪಟ್ಟಿ ಬೇಡವೇ ಬೇಡ. ಲಾರಿಯ ಕಮಾನು ಪಟ್ಟಿ (ಸ್ಪ್ರಿಂಗ್ ಪ್ಲೇಟ್) ತನ್ನಿ. ಅದರಲ್ಲಿ ಇಂಗಾಲ ಶೇ. 0.5ರಿಂದ 0.6 ಆಸುಪಾಸು ಇರುತ್ತದೆ, ಕತ್ತಿಗೆ, ಮಚ್ಚಿಗೆ ಹದ ಚೆನ್ನಾಗಿ ಹಿಡಿಯುತ್ತದೆ. ಮುರಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇನ್ನೂ ಇರಬಹುದು. ಮುರಿದ ಜಾಗದಿಂದ ದೂರದ ತುಂಡು ಆರಿಸಿಕೊಳ್ಳಿ. ಸತುವಿನ ಲೇಪ ಇರುವ ಜಿಐ ಪೈಪು, ಪಟ್ಟಿಯನ್ನು ಮಾತ್ರ ಕುಲುಮೆಗೆ ಇಡಬೇಡಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಹಿಡಿಯುತ್ತದೆ.

ನಿಮ್ಮ 40,000ದಲ್ಲಿ ಅರ್ಧ ಮಾತ್ರ ಸಾಮಾನಿಗೆ ಇಡಿ. ಒಂದು ಅಡಿಗಲ್ಲು, ಎರಡು ಸುತ್ತಿಗೆ, ಮೂರು ಇಕ್ಕಳ, ಒಂದು ವೈಸ್, ಬ್ಲೋವರ್, ಗ್ರೈಂಡರ್. ಉಳಿ, ತೂತು ಹೊಡೆಯುವ ಮೊಳೆ, ಮಿಕ್ಕ ಇಕ್ಕಳ ಎಲ್ಲ ನೀವೇ ಬಡಿದು ಮಾಡಿಕೊಳ್ಳಿ, ಕಲಿಕೆಯೂ ಆಗುತ್ತದೆ. ಉಳಿದರ್ಧ ಇದ್ದಿಲಿಗೆ, ಆರು ತಿಂಗಳ ಊಟಕ್ಕೆ ಇರಲಿ. ಅಡಿಕೆ ತೋಟದ ಕತ್ತಿ ಕೈಯಲ್ಲಿ ಬಡಿದದ್ದೇ ಬೇಕು ಅನ್ನುವವರು ನಿಮ್ಮ ಕಡೆ ಇನ್ನೂ ಇದ್ದಾರೆ. ಅವರನ್ನು ಹಿಡಿದುಕೊಳ್ಳಿ.

ಪ್ರಶ್ನೆ: ನಮ್ಮ ಕಾಫಿ ತೋಟದ ಹಳೆ ಶೆಡ್ಡಿನಲ್ಲಿ ಒಂದು ಅಡಿಗಲ್ಲು ಸಿಕ್ಕಿದೆ. ತುಕ್ಕು ತೆಗೆದಾಗ ಇಂಗ್ಲಿಷಿನಲ್ಲಿ ಪೀಟರ್ ರೈಟ್ ಪೇಟೆಂಟ್ ಅಂತ ಅಕ್ಷರ, ಕೆಳಗೆ 1, 1, 7 ಅಂತ ಬಿಡಿಬಿಡಿ ಅಂಕಿ ಕಂಡವು. ಗುಜರಿಯವರು ಬಂದು ತೂಕದ ರೇಟು ಕೊಡುತ್ತೇವೆ ಅಂದರು. ಕೊಡಲೇ?
(ಓದುಗರು, ಮೂಡಿಗೆರೆ)

ಉತ್ತರ: ಬೇಡ ತಾಯಿ, ಕೊಡಬೇಡಿ! ಪೀಟರ್ ರೈಟ್ ಇಂಗ್ಲೆಂಡಿನ ಡಡ್ಲಿ ಊರಿನ ಹೆಸರಾಂತ ತಯಾರಕರು. ಬ್ರಿಟಿಷರ ಕಾಲದಲ್ಲಿ ತೋಟ, ಗಣಿ, ರೈಲ್ವೆ ವರ್ಕ್‌ಶಾಪುಗಳಿಗೆ ಇಂಗ್ಲೆಂಡಿನ ಇಂಥ ಸಾಮಾನು ಹಡಗಿನಲ್ಲಿ ಬರುತ್ತಿತ್ತು. ಮೈ ಬಡಿದ ಕಬ್ಬಿಣದ್ದು, ಮೇಲೆ ಉಕ್ಕಿನ ಹಲಗೆಯನ್ನು ಕಾಯಿಸಿ ಬೆಸೆದಿರುತ್ತಾರೆ.

ಆ ಮೂರು ಅಂಕಿ ತೂಕವನ್ನು ಹೇಳುತ್ತವೆ. ಮೊದಲನೆಯದನ್ನು 112ರಿಂದ ಗುಣಿಸಿ, ಎರಡನೆಯದನ್ನು 28ರಿಂದ ಗುಣಿಸಿ, ಮೂರನೆಯದನ್ನು ಹಾಗೇ ಕೂಡಿಸಿ. ನಿಮ್ಮದು 112, 28 ಮತ್ತು 7, ಒಟ್ಟು 147 ಪೌಂಡು. ಅಂದರೆ ಸುಮಾರು 67 ಕೆಜಿ. ಒಮ್ಮೆ ತೂಕ ಹಾಕಿಸಿ. ಅದರ ಹತ್ತಿರಕ್ಕೇ ಬಂದರೆ ಜಾಸ್ತಿ ಸವೆದಿಲ್ಲ ಅಂತ ಅರ್ಥ. ಮೇಲೆ ಬರೆದ ಗುಂಡಿನ ಪರೀಕ್ಷೆಯನ್ನೂ ಮಾಡಿ.

ತಂತಿ ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಹಚ್ಚಿ ಇಡಿ. ಮುಖ ಹಳ್ಳ ಬಿದ್ದಿದೆ ಅಂತ ಮೆಷಿನ್ ಶಾಪಿಗೆ ಕೊಟ್ಟು ನುಣ್ಣಗೆ ಮಾಡಿಸಬೇಡಿ. ಮೇಲಿನ ಉಕ್ಕಿನ ಹಲಗೆ ತೆಳು. ಅದನ್ನು ಕೆರೆದುಬಿಟ್ಟರೆ ಮತ್ತೆ ಹಾಕಲು ಬರುವುದಿಲ್ಲ. ಮಾರಲೇಬೇಕು ಅಂತಿದ್ದರೆ ಕೆಲಸ ಮಾಡುವ ಕೈಗೇ ಮಾರಿ. ಕಟರಿನ ಕೆಳಗೆ ಹೋಗಬಾರದು ಅದು.

ಪ್ರಶ್ನೆ: ರೈಲು ಹಳಿಯ ತುಂಡು ಅಡಿಗಲ್ಲಿಗೆ ಚೆನ್ನಾಗಿರುತ್ತದೆ ಅಂತ ಕೇಳಿದ್ದೇನೆ. ಒಬ್ಬರು ಎರಡು ಅಡಿ ತುಂಡನ್ನು ಅಗ್ಗಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಬಿಲ್ ಇಲ್ಲವಂತೆ. ತೆಗೆದುಕೊಳ್ಳಬಹುದಾ?
(ಓದುಗರು, ಗದಗ)

ಉತ್ತರ: ಬಿಲ್ ಇಲ್ಲದ ಹಳಿಯನ್ನು ಮುಟ್ಟಲೇಬೇಡಿ. ರೈಲ್ವೆ ಆಸ್ತಿ ಅಕ್ರಮವಾಗಿ ಇಟ್ಟುಕೊಂಡವರಿಗೆ ಶಿಕ್ಷೆ ಕೊಡಲು 1966ರಲ್ಲೇ ಪ್ರತ್ಯೇಕ ಕಾನೂನು ಬಂದಿದೆ. ಜೈಲೂ ಆಗಬಹುದು. ಕದ್ದವರಿಗಷ್ಟೇ ಅಲ್ಲ, ಇಟ್ಟುಕೊಂಡವರಿಗೂ. ಹರಾಜಿನಲ್ಲಿ ಕೊಂಡ ವ್ಯಾಪಾರಿಯಿಂದ ಬಿಲ್ ಸಮೇತ ಸಿಕ್ಕರೆ ಮಾತ್ರ ತನ್ನಿ, ಬಿಲ್ಲನ್ನು ಜೋಪಾನವಾಗಿ ಇಡಿ.

ಹಾಗೆ ಸಿಕ್ಕರೆ ಒಳ್ಳೆಯದೇ. ನಮ್ಮ ರೈಲ್ವೆಯಲ್ಲಿ ಜಾಸ್ತಿ ಇರುವುದು ಮೀಟರಿಗೆ 52 ಕೆಜಿ ಮತ್ತು 60 ಕೆಜಿ ತೂಗುವ ಹಳಿ. 60ರ ಹಳಿಯ ಒಂದೂವರೆ ಅಡಿ ತುಂಡು 27 ಕೆಜಿ ಆಯಿತು. ಬಹಳ ಜನ ಅದನ್ನು ಹಳಿಯ ಹಾಗೇ ಮಲಗಿಸಿ ಬಡಿಯುತ್ತಾರೆ. ನಡುವಿನ ಭಾಗ ತೆಳು, ಪೆಟ್ಟಿಗೆ ಕುಣಿಯುತ್ತದೆ. ನೆಟ್ಟಗೆ ನಿಲ್ಲಿಸಿ, ಕಾಲು ಭಾಗ ಮರದ ಕೊರಡಿನಲ್ಲಿ ಹುಗಿದು, ಕತ್ತರಿಸಿದ ತುದಿಯ ಮೇಲೆ ಬಡಿಯಿರಿ. ಆಗ ಪೂರ್ತಿ ತೂಕ ಸುತ್ತಿಗೆಯ ಕೆಳಗೇ ಇರುತ್ತದೆ. ಮುಖ ಚಿಕ್ಕದಾದರೂ ಪೆಟ್ಟು ಗಟ್ಟಿ.

ಹಳಿಯೇ ಆಗಬೇಕು ಅಂತೇನಿಲ್ಲ. ಫೋರ್ಜಿಂಗ್ ಕಾರ್ಖಾನೆಗಳಿಂದ ಸವೆದ ಡೈ ಬ್ಲಾಕ್ (ಕಬ್ಬಿಣಕ್ಕೆ ಆಕಾರ ಕೊಡುವ ಉಕ್ಕಿನ ಅಚ್ಚು) ಗುಜರಿಗೆ ಬರುತ್ತದೆ. ಬಿಸಿ ಕಬ್ಬಿಣ ಬಡಿಯಲೆಂದೇ ಮಾಡಿದ ಉಕ್ಕು ಅದು. ಅಡಿಯನ್ನು ಮೇಲಕ್ಕೆ ತಿರುಗಿಸಿ ಇಟ್ಟರೆ ಸಪಾಟಾದ ಮುಖ ಸಿಗುತ್ತದೆ. ಲಾರಿಯ ಆಕ್ಸಲ್ ಶಾಫ್ಟಿನ ತಟ್ಟೆಯಂಥ ತುದಿ, ಜೆಸಿಬಿಯ ದಪ್ಪ ಪಿನ್ನು ಕೂಡ ನಡೆಯುತ್ತವೆ.

ಪ್ರಶ್ನೆ: ವರ್ಕ್‌ಶಾಪ್ ಮುಚ್ಚುತ್ತಿರುವ ಒಬ್ಬರು ಹರಿಹರದ ಕಿರ್ಲೋಸ್ಕರ್ ಲೇತ್ (ಲೋಹದ ತುಂಡನ್ನು ತಿರುಗಿಸಿ ಕೆತ್ತುವ ಯಂತ್ರ) ಕೊಡುತ್ತೇನೆ ಅಂದಿದ್ದಾರೆ. ಆ ಕಂಪನಿಯೇ ಈಗ ಇಲ್ಲವಲ್ಲ, ತೆಗೆದುಕೊಂಡರೆ ಕಷ್ಟ ಆಗುತ್ತದಾ?
(ಓದುಗರು, ತುಮಕೂರು)

ಉತ್ತರ: ನಮ್ಮೂರಿನ ಮಾಲಿನ ಬಗ್ಗೆ ಕೇಳಿದ್ದೀರಿ, ಖುಷಿಯಾಯಿತು. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಇಲ್ಲಿ ಶುರುವಾದದ್ದು. ಕಾರ್ಖಾನೆ ಮುಚ್ಚಿದರೂ ಆ ಲೇತುಗಳು ಊರೂರಲ್ಲಿ ಇನ್ನೂ ತಿರುಗುತ್ತಿವೆ. ರಿಪೇರಿ ಬಲ್ಲ ಕೈಗಳು ಹರಿಹರ, ದಾವಣಗೆರೆಯಲ್ಲಿ ಇವೆ. ಆ ಭಯ ಬೇಡ.

ನೋಡಬೇಕಾದದ್ದು ಬೆಡ್, ಅಂದರೆ ಕ್ಯಾರೇಜ್ (ಉಳಿ ಹಿಡಿದು ಓಡುವ ಭಾಗ) ಜಾರುವ ಉದ್ದನೆಯ ಹಾಸು. ಎಲ್ಲರೂ ತುಂಡನ್ನು ಹಿಡಿದು ತಿರುಗಿಸುವ ಚಕ್ಕಿನ ಹತ್ತಿರವೇ ಕೆಲಸ ಮಾಡುವುದರಿಂದ ಅಲ್ಲಿ ಜಾಸ್ತಿ ಸವೆದಿರುತ್ತದೆ. ಚಕ್ಕಿನ ಪಕ್ಕದಲ್ಲಿ ಕ್ಯಾರೇಜ್ ಸರಾಗವಾಗಿ ಓಡುವ ಹಾಗೆ ಬಿಗಿ ಮಾಡಿ, ನಿಧಾನಕ್ಕೆ ಎದುರು ತುದಿಯ ಟೇಲ್‌ಸ್ಟಾಕ್ ಕಡೆ ಸರಿಸಿ. ಅಲ್ಲಿ ಹಿಡಿದುಕೊಂಡರೆ ಬೆಡ್ ಸವೆದಿದೆ. ಬೆಲೆ ಇಳಿಸಲು ಕೇಳಿ. ಮೋಟಾರು ಮೂರು ಫೇಸಿನದಾ ನೋಡಿ. ನಿಮ್ಮಲ್ಲಿ ಒಂದೇ ಫೇಸ್ ಇದ್ದರೆ ಮೋಟಾರು ಬದಲಿಸುವ ಖರ್ಚನ್ನೂ ಸೇರಿಸಿ. ಕರೆಂಟ್ ಹಾಕಿ, ಗೇರು ಒಂದೊಂದೇ ಹಾಕಿಸಿ ಶಬ್ದ ಕೇಳದೆ ಮುಂಗಡ ಕೊಡಬೇಡಿ. ಕ್ರೇನು, ಲಾರಿ ಬಾಡಿಗೆಯನ್ನು ಮೊದಲೇ ವಿಚಾರಿಸಿ. ಎಷ್ಟೋ ಸಲ ಅಗ್ಗದ ಲೇತು ಸಾಗಿಸುವಷ್ಟರಲ್ಲಿ ದುಬಾರಿಯಾಗುತ್ತದೆ.

ಪ್ರಶ್ನೆ: ಯಾವುದನ್ನು ಹಳೆಯದು ಕೊಳ್ಳಲೇಬಾರದು?
(ಓದುಗರು, ಹೊಸಪೇಟೆ)

ಉತ್ತರ: ಗ್ಯಾಸ್ ಹೋಸ್, ರೆಗ್ಯುಲೇಟರ್, ವೆಲ್ಡಿಂಗ್ ಗ್ಲಾಸು, ಕಣ್ಣಿನ ಕನ್ನಡಕ, ಗ್ರೈಂಡರಿನ ಕಲ್ಲು. ಇಷ್ಟನ್ನು ಹೊಸದೇ ತನ್ನಿ, ಇಲ್ಲಿ ಉಳಿತಾಯ ನೋಡಬೇಡಿ. ಆಂಗಲ್ ಗ್ರೈಂಡರಿನ ಡಿಸ್ಕಿನ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಓದಿಯೇ ಕೊಳ್ಳಿ. ಹಳೆ ಬೆಂಚ್ ಗ್ರೈಂಡರ್ ತಂದರೆ ಅದರ ಜೊತೆ ಬಂದ ಕಲ್ಲನ್ನು ಬಿಚ್ಚಿ ಬಿಸಾಡಿ. ಹೊಸ ಕಲ್ಲನ್ನೂ ಹಾಕುವ ಮುಂಚೆ ತೂತಿನಲ್ಲಿ ಬೆರಳು ತೂರಿಸಿ ಎತ್ತಿ ಹಿಡಿದು, ಸ್ಕ್ರೂ ಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಣ್ ಅಂದರೆ ಹಾಕಿ. ಬೊದ್ದು ಶಬ್ದ ಬಂದರೆ ಒಳಗೆ ಬಿರುಕಿದೆ, ಅಂಗಡಿಗೆ ವಾಪಸ್ ಕೊಡಿ. ಹಾಕಿದ ಮೇಲೆ ಪಕ್ಕಕ್ಕೆ ಸರಿದು ನಿಂತು ಸ್ವಿಚ್ ಒತ್ತಿ, ಒಂದು ನಿಮಿಷ ಖಾಲಿ ತಿರುಗಲು ಬಿಡಿ.